ಕ್ರೇನ್ ಅಣವೀರಪ್ಪ ಕೇಳಿದ ಪ್ರಶ್ನೆ

ಆಪರೇಷನ್ ನಡುವೆ ಕರೆಂಟ್ ಹೋದರೆ?

ಹತ್ತು ದಿನಗಳಿಂದ ಈ ಒಂದು ಪ್ರಶ್ನೆ ನನ್ನ ತಲೆಯಿಂದ ಇಳಿದಿರಲಿಲ್ಲ. ಮಗಳು ಶ್ರಾವ್ಯಾಳಿಗೆ ಗಂಜಿ ತಿನ್ನಿಸುವಾಗ, ಬೊರಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, ಕುಕ್ಕರಿನ ಸೀಟಿ ಎಣಿಸುವಾಗಲೂ ಅದೇ ಚಿತ್ರ. ಅಪ್ಪನ ಹೊಟ್ಟೆಯೊಳಗೆ ರೋಬೋಟಿನ ನಾಲ್ಕು ಕೈಗಳು, ಅಷ್ಟರಲ್ಲಿ ದೀಪ ಆರಿತು. ಮುಂದೆ?

ಅಪ್ಪನಿಗೆ ಗುದನಾಳದ ಕ್ಯಾನ್ಸರ್. ಎಂಟು ತಿಂಗಳು ರಕ್ತ ಹೋದರೂ ಅವನು ನಮಗೆ ಹೇಳಲಿಲ್ಲ. ಕ್ರೇನಿನ ಕ್ಯಾಬಿನ್ನಿನಲ್ಲಿ ದಿನವಿಡೀ ಕೂತಿರುವವರಿಗೆಲ್ಲ ಮೂಲವ್ಯಾಧಿ ಇರುತ್ತದೆ, ನನಗೂ ಅದೇ ಎಂದುಕೊಂಡು ಮೂಲಂಗಿ ರಸ ಕುಡಿಯುತ್ತಿದ್ದ. ರೇಡಿಯೇಷನ್ ಮುಗಿದಿತ್ತು, ಕೀಮೋ ಮುಗಿದಿತ್ತು. ಗಡ್ಡೆ ಕುಗ್ಗಿತ್ತು. ಇನ್ನು ಕತ್ತರಿಸಿ ತೆಗೆಯಬೇಕು. ಲ್ಯಾಪ್ರೋಸ್ಕೋಪಿಯೋ ರೋಬೋಟೋ, ಶುಕ್ರವಾರ ಮಧ್ಯಾಹ್ನದೊಳಗೆ ಹೇಳಿ, ಇಲ್ಲದಿದ್ದರೆ ತಾರೀಖು ಮುಂದಕ್ಕೆ ಹೋಗುತ್ತದೆ ಎಂದಿದ್ದರು ಆಸ್ಪತ್ರೆಯವರು.

"ನೀ ಓದಿದಾಕಿ, ನಾಗರತ್ನಾ," ಎಂದಿದ್ದ ಅಪ್ಪ. "ನೀ ಯಾವುದು ಅಂತಿ ಅದು."

ಹಾಗೆಂದವನು ನೆಮ್ಮದಿಯಾಗಿ ಗೊರಕೆ ಹೊಡೆದ. ನಿದ್ದೆ ಕೆಟ್ಟದ್ದು ನನ್ನದು.

ಅಪ್ಪ, ಅಣವೀರಪ್ಪ, ಹತ್ತೊಂಬತ್ತನೇ ವಯಸ್ಸಿಗೆ ಅಫಜಲಪುರದ ಕಡೆಯಿಂದ ಮುಂಬಯಿಗೆ ಬಂದು ಕಟ್ಟಡಗಳಲ್ಲಿ ಸಿಮೆಂಟಿನ ಪುಟ್ಟಿ ಹೊತ್ತವನು. ಮೇಲೆ ಆಕಾಶದಲ್ಲಿ ತಿರುಗುವ ಉದ್ದ ಕೈಯನ್ನು ನೋಡುತ್ತ ನೋಡುತ್ತ, ಕ್ರೇನಿಗೆ ಗ್ರೀಸ್ ಹಚ್ಚುವ ಕೆಲಸ ಹಿಡಿದು, ಕೊನೆಗೆ ಅದರ ಕ್ಯಾಬಿನ್ನಿನಲ್ಲೇ ಕೂತ. ಬೆಳಿಗ್ಗೆ ರೊಟ್ಟಿ ಗಂಟು ಸೊಂಟಕ್ಕೆ ಕಟ್ಟಿಕೊಂಡು ಏಣಿ ಹತ್ತಿದರೆ ಇಳಿಯುತ್ತಿದ್ದದ್ದು ಸಂಜೆ. ಪರೇಲಿನ ಮಿಲ್ಲುಗಳು ಹೋಗಿ ಗಾಜಿನ ಗೋಪುರಗಳು ಎದ್ದವಲ್ಲ, ಅವುಗಳಲ್ಲಿ ಐದರ ಕಬ್ಬಿಣ ಅವನು ಎತ್ತಿ ಕೊಟ್ಟದ್ದು. ನಮ್ಮ ಶಾಲೆಯ ಅಂಗಳ ಅವನಿಗೆ ಮೇಲಿನಿಂದ ಕಾಣುತ್ತಿತ್ತು. ಬಿಡುವಿನಲ್ಲಿ ನಾನು ಕೈ ಬೀಸುತ್ತಿದ್ದೆ. ಅವನು ಕಂಡನೋ ಇಲ್ಲವೋ, ಮನೆಗೆ ಬಂದು "ಇವತ್ತ ಕೆಂಪ ರಿಬ್ಬನ್ ಹಾಕಿದ್ದಿ" ಎಂದು ಮಾತ್ರ ಹೇಳುತ್ತಿದ್ದ.

ಬುಧವಾರ ಕೊನೆಯ ಸ್ಕ್ಯಾನ್ ರಿಪೋರ್ಟ್ ಹಿಡಿದು ಪರೇಲಿಗೆ ಹೋದೆವು. ಅಪ್ಪ, ಅವ್ವ ಲಕ್ಷ್ಮವ್ವ, ಕಂಕುಳಲ್ಲಿ ಶ್ರಾವ್ಯಾ. ಸರ್ಜನ್ ಹಿತೇಶ್ ಉಡುಪಿ ಕಡೆಯ ಮನೆತನದವರು, ಬಾಂದ್ರಾದಲ್ಲಿ ಬೆಳೆದವರು. ಅವರ ಕನ್ನಡ ತಡವರಿಸಿ ತಡವರಿಸಿ ಬರುತ್ತಿತ್ತು.

"ನೋಡಿ, ಎರಡರಲ್ಲೂ ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾತ್ರ. ತೆಗೆಯುವ ಭಾಗ ಸೇಮ್. ಲ್ಯಾಪ್ರೋಸ್ಕೋಪಿಯಲ್ಲಿ ನಾನು ಪಕ್ಕದಲ್ಲೇ ನಿಂತು ಉದ್ದ ಕಡ್ಡಿ ಹಾಗಿನ ಇನ್ಸ್ಟ್ರುಮೆಂಟ್ ಹಿಡೀತೇನೆ. ರೋಬೋಟಲ್ಲಿ ಮೂಲೆಯಲ್ಲಿ ಕೂತು ಅದರ ಕೈಗಳನ್ನು ಆಡಿಸ್ತೇನೆ. ಅದು ತಾನಾಗಿ ಏನೂ ಮಾಡೋದಿಲ್ಲ, ಆಯ್ತಾ?"

"ಗುಣ ಯಾವುದರಲ್ಲಿ ಜಾಸ್ತಿ?" ಎಂದೆ.

"ಅದೇ ಕಷ್ಟದ ಪ್ರಶ್ನೆ ಮಾರಾಯ್ರೆ. ಕಾಯಿಲೆ ಗುಣ ಆಗೋದು ಹೆಚ್ಚುಕಮ್ಮಿ ಒಂದೇ ಅಂತ ತುಂಬ ಸ್ಟಡಿ ಹೇಳ್ತವೆ. ರೋಬೋಟ್ ಸ್ವಲ್ಪ ಮೇಲು ಅಂತ ಹೇಳುವವೂ ಉಂಟು. ಗಂಡಸರ ಸೊಂಟದ ಎಲುಬಿನ ನಡುವೆ ಜಾಗ ಇಕ್ಕಟ್ಟು, ಇವರ ಗಡ್ಡೆ ತೀರ ಕೆಳಗೆ. ಅಂಥಲ್ಲಿ ರೋಬೋಟಿನ ಮಣಿಕಟ್ಟು ತಿರುಗ್ತದೆ, ಅದು ಅನುಕೂಲ. ಟೈಮ್ ಮಾತ್ರ ಜಾಸ್ತಿ ಹಿಡೀತದೆ. ಯಾವುದು ಮಾಡಿದರೂ ಕೆಲವು ತಿಂಗಳು ಮಲ ಹೋಗ್ಲಿಕ್ಕೆ ಹೊಟ್ಟೆಗೆ ಚೀಲ ಇರ್ತದೆ, ಆಮೇಲೆ ತೆಗೀತೇವೆ."

ಇಷ್ಟು ಕೇಳಿ ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. "ನಡುವೆ ಕರೆಂಟ್ ಹೋದರೆ?" ಎಂದು ಬಾಯಿಬಿಟ್ಟೇಬಿಟ್ಟೆ.

ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅಪ್ಪ ನಕ್ಕ. "ಏ ಹುಚ್ಚಿ, ಕ್ರೇನಿಗಿ ಕರೆಂಟ್ ಹೋದ್ರ ಏನಾಗ್ತದ? ಬ್ರೇಕ್ ಬೀಳ್ತದ. ಮಾಲ್ ಎಲ್ಲಿತ್ತೋ ಅಲ್ಲೇ ನಿಲ್ತದ. ನೀ ನನ್ನ ಮಗಳ ಹೌದೋ ಅಲ್ಲೋ?"

"ಎಕ್ಸಾಕ್ಟ್ಲಿ!" ಹಿತೇಶ್ ಮೇಜು ತಟ್ಟಿದರು. "ಬ್ಯಾಟರಿ ಉಂಟು. ಅದೂ ಕೈಕೊಟ್ಟರೆ ಕೈಗಳನ್ನು ಹೊರಗೆ ತೆಗೆದು, ಅದೇ ತೂತುಗಳಿಂದ ಲ್ಯಾಪ್ರೋಸ್ಕೋಪಿಯಲ್ಲಿ ಮುಗಿಸ್ತೇವೆ. ಅಲ್ಲ ಅಂಕಲ್, ನೀವು ಕ್ರೇನ್ ಆಪರೇಟರಾ? ಹಾಗಾದ್ರೆ ಬನ್ನಿ, ಕೆಳಗೆ ಈ ವಾರ ಡೆಮೋ ಮೆಷಿನ್ ಇಟ್ಟಿದ್ದಾರೆ."

ಆಸ್ಪತ್ರೆಯ ಲಾಬಿಯಲ್ಲಿ ಜನ ಮುತ್ತಿದ್ದರು. ಒಂದು ಕಡೆ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಚುಚ್ಚಿದ ಎರಡು ಉದ್ದ ಕಡ್ಡಿಗಳು. ಅದು ಲ್ಯಾಪ್ರೋಸ್ಕೋಪಿ ಕಲಿಯುವ ಪೆಟ್ಟಿಗೆ. ಇನ್ನೊಂದು ಕಡೆ ರೋಬೋಟಿನ ಕೈಗಳು, ಹತ್ತು ಹೆಜ್ಜೆ ದೂರದಲ್ಲಿ ಅದನ್ನು ನಡೆಸುವ ಕುರ್ಚಿ. ಎರಡರಲ್ಲೂ ಆಟ ಒಂದೇ, ರಬ್ಬರ್ ಬಳೆ ಎತ್ತಿ ಚೂಪು ಗೂಟಕ್ಕೆ ಹಾಕುವುದು.

ಅಪ್ಪ ಮೊದಲು ಕಡ್ಡಿ ಹಿಡಿದ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ಎರಡು ಬಳೆ ಉರುಳಿದವು, ಮೂರನೆಯದು ಕೂತಿತು. ಆಮೇಲೆ ಕುರ್ಚಿ. ಕಣ್ಣನ್ನು ಕಿಂಡಿಗೆ ಇಟ್ಟು, ಬೆರಳನ್ನು ಉಂಗುರಕ್ಕೆ ತೂರಿಸಿ, ಒಂದು ನಿಮಿಷ ಸುಮ್ಮನೆ ಕೂತ. ಆ ಬೆನ್ನು ನನಗೆ ಗೊತ್ತಿತ್ತು. ಆರು ತಿಂಗಳಿಂದ ಹಾಸಿಗೆಯಲ್ಲಿ ಮುದುಡಿದ್ದ ಬೆನ್ನು ಈಗ ಸೆಟೆದು ನಿಂತಿತ್ತು.

ರೋಬೋಟಿನ ಕೈ ಬಳೆಯನ್ನು ಎತ್ತಿತು. ಗಾಳಿಯಲ್ಲಿ ನಿಂತಿತು. ತೂಗಾಟ ನಿಲ್ಲುವವರೆಗೆ ಕಾಯಿತು. ಮೆಲ್ಲಗೆ ಇಳಿಸಿತು. ಒಂದು, ಎರಡು, ಮೂರು, ನಾಲ್ಕು, ಐದು! ಒಂದೂ ಬೀಳಲಿಲ್ಲ. ಜನ ಚಪ್ಪಾಳೆ ಹೊಡೆದರು. ಶ್ರಾವ್ಯಾ ತಾನೂ ತಟ್ಟಿ ಕೇಕೆ ಹಾಕಿದಳು. ಕಂಪನಿಯ ಟೈ ಕಟ್ಟಿದವನು, "ಅಂಕಲ್, ಪೆಹಲೇ ಕಭೀ ಚಲಾಯಾ ಹೈ ಕ್ಯಾ?" ಎಂದು ಹಿಂದೆ ನಡೆಸಿದ್ದುಂಟೋ ಕೇಳಿದ.

"ತೀಸ್ ಸಾಲ್," ಎಂದ ಅಪ್ಪ, ಕ್ರೇನಿನ ಮೂವತ್ತು ವರ್ಷ ಲೆಕ್ಕ ಹಾಕಿ.

"ಮನ್ಯಾಗ ಒಂದು ವಾಟಗಾ ನೀರ ತಾವಾಗಿ ತುಂಬಿ ಕುಡ್ಯಾಂಗಿಲ್ಲ," ಅವ್ವ ನನ್ನ ಕಿವಿಯಲ್ಲಿ ಗೊಣಗಿದಳು. "ಇಲ್ಲಿ ನೋಡು ಹ್ಯಾಂಗ ಮಿಂಚತಾರ!" ಅವಳ ಕಣ್ಣು ಒದ್ದೆಯಾಗಿತ್ತು.

ಅಪ್ಪ ಇಳಿದು ಬಂದವನು ನಗಲಿಲ್ಲ. ಡಾಕ್ಟರ ಎದುರು ನಿಂತ.

"ಸಾಹೇಬ್ರ, ಆ ಕಡ್ಡಿಯೊಳಗ ತಾಗಿದ್ದು ಕೈಗಿ ಗೊತ್ತಾಗ್ತದ, ಆದ್ರ ತಿರಗಂಗಿಲ್ಲ. ಇದು ಛಲೋ ತಿರಗ್ತದ, ಆದ್ರ ಕೈಗಿ ಏನೂ ಗೊತ್ತಾಗಂಗಿಲ್ಲ. ಬರೇ ಕಣ್ಣ ಮ್ಯಾಲ ನಡೀಬೇಕು. ಖರೇ?"

"ನಾನು ನಡೆಸೋ ಮೆಷಿನ್ನಿನಲ್ಲಿ ಖರೇ," ಹಿತೇಶ್ ಅಪ್ಪನ ಮಾತನ್ನೇ ತಿರುಗಿಸಿದರು.

"ಹಂಗಾದ್ರ ನೀವು ಮೂಲ್ಯಾಗ ಕುಂತಾಗ ನನ್ನ ಬಾಜೂಕ ನಿಲ್ಲೋರು ಯಾರು? ನಿಮ್ಮ ಸಿಗ್ನಲ್‌ಮನ್ ಯಾರು?"

ಈ ಪ್ರಶ್ನೆಯ ಹಿಂದೆ ಶ್ರೀಮಂತ ಎಂಬ ಹೆಸರಿನ ಒಬ್ಬ ಮನುಷ್ಯ ಇದ್ದಾನೆ. ನೂರಾರು ಅಡಿ ಮೇಲೆ ಕೂತ ಆಪರೇಟರನಿಗೆ ಕೊಕ್ಕೆಯ ಕೆಳಗಿನ ಮನುಷ್ಯರು ಎಷ್ಟೋ ಸಲ ಕಾಣುವುದೇ ಇಲ್ಲ. ನೆಲದ ಮೇಲೆ ನಿಂತು ಕೈಸನ್ನೆಯಲ್ಲೋ ವಾಕಿಟಾಕಿಯಲ್ಲೋ ಹೇಳುವ ಸಿಗ್ನಲ್‌ಮನ್ನನೇ ಅವನ ಕಣ್ಣು. ತೋರುಬೆರಳು ಮೇಲೆತ್ತಿ ಸಣ್ಣಗೆ ಸುತ್ತಿಸಿದರೆ, ಎತ್ತು. ಅಂಗೈ ಕೆಳಗೆ ಮಾಡಿ ತೋಳು ಚಾಚಿದರೆ, ನಿಲ್ಲಿಸು. ಶ್ರೀಮಂತ ಹದಿನಾಲ್ಕು ವರ್ಷ ಅಪ್ಪನ ಸಿಗ್ನಲ್‌ಮನ್. ಒಮ್ಮೆ ಗಾಜಿನ ಹಲಗೆಗಳು ಅರ್ಧ ದಾರಿಯಲ್ಲಿದ್ದಾಗ ಅವನು ತೋಳು ಚಾಚಿದ. ಇಂಜಿನಿಯರ್ ಎತ್ತು ಎತ್ತು ಎಂದು ಕೂಗಾಡಿದ. ಅಪ್ಪ ಎತ್ತಲಿಲ್ಲ. ಇಳಿಸಿ ನೋಡಿದರೆ ಹಲಗೆಗಳನ್ನು ಕಟ್ಟಿದ್ದ ಬೆಲ್ಟಿನ ಹೊಲಿಗೆ ಬಿಟ್ಟಿತ್ತು. ಅಂದಿನಿಂದ ಹೊಸ ಸಿಗ್ನಲ್‌ಮನ್ ಬಂದರೆ ಅಪ್ಪ ಅವನ ಜೊತೆ ಕೂತು ರೊಟ್ಟಿ ಮುರಿದು, ಒಂದೇ ಮಾತು ಕೇಳುತ್ತಿದ್ದ. ಉತ್ತರ ಸರಿಬಂದರೆ ಮಾತ್ರ ಏಣಿ ಹತ್ತುತ್ತಿದ್ದ.

ಹಿತೇಶ್ ಫೋನ್ ಮಾಡಿ ಡಾಕ್ಟರ್ ರೂಪಾಲಿಯನ್ನು ಕರೆಸಿದರು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಹಸಿರು ಟೋಪಿ ಇನ್ನೂ ತಲೆಯ ಮೇಲಿತ್ತು. ರೋಬೋಟ್ ಆಪರೇಷನ್ನಿನಲ್ಲಿ ರೋಗಿಯ ಪಕ್ಕ ನಿಂತು ಉಪಕರಣ ಬದಲಿಸುವುದು, ಕೈಗಳು ಒಂದಕ್ಕೊಂದು ತಾಗದಂತೆ ಕಾಯುವುದು ಇವಳೇ.

ಅಪ್ಪ ಕೈಚೀಲದಿಂದ ರೊಟ್ಟಿ ಗಂಟು ತೆಗೆದ. ನನಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. "ಅಪ್ಪಾ, ಇಲ್ಲಿ ಬ್ಯಾಡ," ಎಂದೆ. ಅವನು ಆಗಲೇ ಅರ್ಧ ಮುರಿದು ಚಾಚಿದ್ದ. ರೂಪಾಲಿ ಗಲಿಬಿಲಿಗೊಂಡು ನೋಡಿ, "ಭಾಕರೀ?" ಎಂದು ನಕ್ಕು, ತುಂಡು ಬಾಯಿಗೆ ಹಾಕಿಕೊಂಡಳು.

"ಬೇಟಾ," ಅಪ್ಪ ಕೇಳಿದ, "ಸಾಹಬ್ ಕೋ ಕಭೀ 'ರುಕೋ' ಬೋಲಾ ಹೈ?" ಸಾಹೇಬರಿಗೆ ಎಂದಾದರೂ 'ನಿಲ್ಲಿಸಿ' ಎಂದಿದ್ದೀಯಾ? ಸಿಗ್ನಲ್‌ಮನ್ನರನ್ನು ಕೇಳುತ್ತಿದ್ದದ್ದೂ ಇದೇ ಮಾತು.

ರೂಪಾಲಿ ಅಗಿಯುವುದನ್ನು ನಿಲ್ಲಿಸಿ ಹಿತೇಶರ ಮುಖ ನೋಡಿದಳು.

"ಪಿಛಲೇ ಮಹೀನೇ ದೋ ಬಾರ್."

"ಹೋದ ತಿಂಗಳಿನ ಆ ಎರಡರಲ್ಲಿ ಒಂದು ಸಲ ಏನೂ ಆಗಿರ್ಲಿಲ್ಲ," ಎಂದರು ಹಿತೇಶ್. "ಸುಮ್ನೆ ನಿಲ್ಲಿಸಿದ್ಳು."

"ನೀವು ನಿಂತ್ರೇನು?"

"ಎರಡು ಸಲವೂ."

ಅಪ್ಪ ಉಳಿದರ್ಧ ರೊಟ್ಟಿ ತಾನು ತಿಂದ. "ಆಯ್ತು. ಇದರ ಮ್ಯಾಲ ನಾ ಮಲಗತೀನಿ."

ವಾಪಸು ಲೋಕಲ್‌ನಲ್ಲಿ ಮಲಾಡ್ ದಾಟುವವರೆಗೂ ಅವನ ಮಾತು ನಿಲ್ಲಲಿಲ್ಲ. ಆ ಮಣಿಕಟ್ಟು ಹ್ಯಾಂಗ ತಿರಗ್ತದ, ಬಳಿ ಹ್ಯಾಂಗ ಕುಂತದ ಎಂದು ಎದುರಿನ ಗುಜರಾತಿ ಮುದುಕನಿಗೂ ಹೇಳಿದ.

ಆದರೂ ಗುರುವಾರ ನಾನು ಫೋನ್ ಮಾಡಲಿಲ್ಲ. ಕರೆಂಟಿನ ಭಯ ಹೋಗಿ ಇನ್ನೊಂದು ಬಂದಿತ್ತು. ಆಪರೇಷನ್ ದಿನ ರೂಪಾಲಿ ಇಲ್ಲದಿದ್ದರೆ? ಶುಕ್ರವಾರ ಹನ್ನೊಂದೂವರೆಯಾಯಿತು. ಮೂರು ಸಲ ನಂಬರ್ ಒತ್ತಿ ಮೂರು ಸಲವೂ ಕತ್ತರಿಸಿದ್ದೆ. ಅಪ್ಪ ಗ್ಯಾಲರಿಯಲ್ಲಿ ಶ್ರಾವ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದೂರದ ಯಾವುದೋ ಕ್ರೇನ್ ತೋರಿಸುತ್ತಿದ್ದ. ನಾಲ್ಕನೆಯ ಸಲ ಕತ್ತರಿಸಲಿಲ್ಲ.

"ಹಾಂ ಮ್ಯಾಡಮ್, ಅಣವೀರಪ್ಪ ಪೇಷಂಟ್. ರೋಬೋಟಿಕ್ ಯಾ ಲ್ಯಾಪ್ರೋಸ್ಕೋಪಿಕ್?"

"ರೋಬೋಟಿಕ್."

"ಮಂಗಲ್‌ವಾರ್ ಖಾಲಿ ಹೈ."

"ಡಾಕ್ಟರ್ ರೂಪಾಲಿ ಹೋಂಗೀ ಉಸ್ ದಿನ್?"

"ವೋ ಛುಟ್ಟೀ ಪರ್ ಹೈಂ. ಅಸಿಸ್ಟಂಟ್ ತೋ ಕೋಯೀ ಭೀ ಹೋ ಸಕ್ತಾ ಹೈ, ಮ್ಯಾಡಮ್."

"ಕೋಯೀ ಭೀ ನಹೀಂ," ಎಂದೆ. ರೂಪಾಲಿ ರಜೆಯಲ್ಲಿದ್ದರೆ ಬೇರೆ ಯಾರಾದರೂ ಸಾಲದು, ಅವಳೇ ಬೇಕಿತ್ತು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ವಹೀ ಚಾಹಿಯೇ."

ಆ ಕಡೆ ಕೀಲಿಮಣೆಯ ಟಕಟಕ.

"ಗುರುವಾರ್ ಕೋ ದೋನೋ ಹೈಂ. ಕನ್ಫರ್ಮ್ ಕರೂಂ?"

ಗುರುವಾರ ಇಬ್ಬರೂ ಇದ್ದರು. ಗ್ಯಾಲರಿಯ ಕಡೆ ನೋಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ತೋರುಬೆರಳನ್ನು ಮೇಲೆತ್ತಿ ಸಣ್ಣಗೆ ಸುತ್ತಿಸುತ್ತಿದ್ದ. ಅವನನ್ನು ನೋಡಿ ಶ್ರಾವ್ಯಾಳೂ ತನ್ನ ಪುಟ್ಟ ಬೆರಳು ಎತ್ತಿದ್ದಳು.

"ಕನ್ಫರ್ಮ್," ಎಂದೆ.