ತತ್ವ ಬೇರೆ, ಅರ್ಜೆಂಟು ಬೇರೆ

ಅಂಕೋಲೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕಳ್ಳ ಸಾಫ್ಟ್‌ವೇರ್ ಬಳಸುವವರನ್ನೆಲ್ಲ ಜೈಲಿಗೆ ಹಾಕಬೇಕೆಂದು ಕಾರವಾರದ ಮಹಾಶಯರೊಬ್ಬರು ಆನ್‌ಲೈನ್ ಗುಂಪಿನಲ್ಲಿ ದಿನಾ ಕಾನೂನು ಬೋಧಿಸುತ್ತಿದ್ದರು. ‘ಲಿನಕ್ಸ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಇದೆಯಲ್ಲ, ಜನರಿಗೆ ಅದನ್ನು ಕಲಿಸೋಣ’ ಎಂದು ನಾನು ಬರೆದರೆ, ‘ಕಳ್ಳರ ವಕೀಲ’ ಎಂದು ಬೈದರು.

ಮೊನ್ನೆ, ಗುಂಪಿನಲ್ಲಿ ಅವರ ಫೋಟೋದಲ್ಲಿದ್ದ ಅದೇ ಮೀಸೆ ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೇ ಬಂತು.

“ಒಂದು ಡೂಪ್ಲಿಕೇಟ್ ಸಾಫ್ಟ್‌ವೇರ್ ಹಾಕ್ಕೊಡಿ ಮಾರಾಯ್ರೆ. ಕಾರವಾರದಲ್ಲಿ ಎಲ್ಲ ಗುರುತಿನವರು, ಅದಕ್ಕೇ ಇಲ್ಲಿವರೆಗೆ ಬಂದೆ.”

ನನಗೆ ಮೈ ಉರಿದುಹೋಯಿತು. “ಗುಂಪಿನಲ್ಲಿ ಜೈಲಿಗೆ ಹಾಕಿ ಅಂತಿದ್ರಲ್ಲ?”

“ಅದು ತತ್ವ. ಇದು ಅರ್ಜೆಂಟು... ನೀವೂ ಆ ಗುಂಪಲ್ಲಿದ್ದೀರಾ?”

“ಫೋಟೋ ಬದಲು ಬಂಗಡೆ ಮೀನಿನ ಚಿತ್ರ ಇಟ್ಟುಕೊಂಡ ಕಳ್ಳರ ವಕೀಲ ನಾನೇ.”

ಲ್ಯಾಪ್‌ಟಾಪ್ ಮಡಚಿ ಹೊರಟರು. ಸಂಜೆ ಗುಂಪಿನಲ್ಲಿ ಹೊಸ ಬೋಧನೆ: ಅಂಕೋಲೆಯ ಅಂಗಡಿಯವರಿಗೆ ಗ್ರಾಹಕರೆಂದರೆ ಮರ್ಯಾದೆಯೇ ಇಲ್ಲವಂತೆ.