ಅಂಚಿನ ಲಾಳಿ ಮತ್ತು ಗಂಟಲಿನ ಗ್ರಂಥಿ

ತೊಂಬತ್ತರ ದಶಕದ ಕೊನೆಯಲ್ಲಿ, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ, ಬೇಸಿಗೆಯ ಮಧ್ಯಾಹ್ನವೂ ನನ್ನ ಹೆಂಡತಿ ಶಾಲು ಹೊದ್ದು ಕೂರತೊಡಗಿದಳು. ಅವಳೂ ಅವಳ ತಮ್ಮನೂ ಒಂದೇ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಸೀರೆಯ ನಡುವಿನ ಒಡಲು ನೇಯುವುದು ಅವನದು. ಅಂಚಿನ ನೂಲಿನ ಲಾಳಿಯನ್ನು ಪ್ರತಿ ಎಳೆಗೂ ಹಿಂದಿರುಗಿಸುವುದು ಇವಳದು. ಅವಳ ಕೈ ತಡವಾದರೆ ಇಡೀ ಸೀರೆ ನಿಲ್ಲುತ್ತದೆ. ಆ ವರ್ಷ ಅದು ದಿನೇ ದಿನೇ ತಡವಾಗುತ್ತಿತ್ತು. ದನಿ ಒರಟಾಗಿತ್ತು, ಮುಖ ಊದಿತ್ತು. "ವಯಸ್ಸಾಯ್ತಲ್ಲ" ಎಂದ ನೆರೆಯವರು, ಅಂಚಿಗೆ ಬೇರೆ ಹುಡುಗಿಯನ್ನು ನೋಡುವಂತೆ ತಮ್ಮನಿಗೆ ಸಲಹೆಯನ್ನೂ ಕೊಟ್ಟರು. ವಯಸ್ಸಿಗೆ ಚಳಿ ಹತ್ತುವುದಾದರೆ ಅವಳಿಗಿಂತ ಹಿರಿಯನಾದ ನನಗೇಕೆ ಹತ್ತಲಿಲ್ಲ ಎಂದು ಕೇಳಿ, ಅವಳನ್ನು ಚಳ್ಳಕೆರೆಯ ಬಸ್ಸು ಹತ್ತಿಸಿದೆ.

ಚಳ್ಳಕೆರೆಯ ವೈದ್ಯರು ಅವಳ ಕೈಗೆ ನೀರಿನ ಲೋಟ ಕೊಟ್ಟು ನುಂಗಲು ಹೇಳಿದರು. ಕೊರಳಿನ ಬುಡದಲ್ಲಿ, ತಾಳಿಸರಕ್ಕಿಂತ ತುಸು ಮೇಲೆ, ಮೆತ್ತನೆಯ ಉಬ್ಬೊಂದು ಗುಟುಕಿನೊಡನೆ ಏರಿ ಇಳಿಯಿತು. ಅದೇ ಥೈರಾಯ್ಡ್ ಗ್ರಂಥಿ: ಶ್ವಾಸನಾಳದ ಎರಡು ಬದಿಗೆ ಎರಡು ಹಾಲೆ, ನಡುವೆ ಸಣ್ಣ ಸೇತುವೆ. ಆಹಾರದಲ್ಲಿನ ಅಯೋಡಿನ್ ಹಿಡಿದು ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೈಯ ಬಿಸಿ, ಎದೆಯ ಬಡಿತ, ಕೈಕಾಲಿನ ಚುರುಕು ಅದರ ಅಳತೆಯಲ್ಲಿ ನಡೆಯುತ್ತವೆ ಎಂದರು. ಚಿಟ್ಟೆಯಂತಿದೆ ಎಂದೂ ಹೇಳಿದರು. ಗೋಡೆಯ ಚಿತ್ರದಲ್ಲಿ ನನಗೆ ಚಿಟ್ಟೆ ಕಾಣಲಿಲ್ಲ.

ಹೊರಗೆ ಕಳುಹಿಸಿದ್ದ ರಕ್ತದ ವರದಿ ಬಂದ ದಿನ ನನಗೂ ವೈದ್ಯರಿಗೂ ವಾದ ಶುರುವಾಯಿತು.

"ಥೈರಾಯ್ಡ್ ಕಡಿಮೆ ಐತೆ ಅಂತೀರಿ. ಇಲ್ಲಿ ಜಾಸ್ತಿ ಅಂತ ಬರ್ದೈತಲ್ಲ?" ಎಂದೆ.

"ಅದು ಮಿದುಳಿನ ಬುಡದ ಗ್ರಂಥಿ ಕಳ್ಸೋ ರಸ, ಯಜಮಾನ್ರೇ. ಥೈರಾಯ್ಡಿಗೆ ಕೆಲ್ಸ ಮಾಡು ಅಂತ ಹೇಳೋದು."

"ಹೇಳೋದು ಜಾಸ್ತಿಯಾದ್ರೆ ಕೆಲ್ಸಾನೂ ಜಾಸ್ತಿ ಆಗ್ಬೇಕಲ್ಲ?"

ಹೊರಗೆ ಜನ ಕಾದಿದ್ದರು. ವೈದ್ಯರು ನಕ್ಕು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಬಹುಶಃ ಬದುಕಿರುವವರೆಗೂ ಎಂದು ಬರೆದುಕೊಟ್ಟರು.

ಲೆಕ್ಕ ಕೂಡದ ಮಾತಿಗೆ ಜೀವಮಾನದ ಮಾತ್ರೆಯೇ? ತಿಳಿಯುವವರೆಗೆ ಬೇಡವೆಂದು ಬಸ್ಸಿನಲ್ಲಿ ಹೇಳಿದೆ.

"ನಿಮಗೆ ತಿಳಿಯೋ ತನಕ ನಾನು ಮಗ್ಗ ಬಿಟ್ಟು ಕುಂತಿರ್ಲೇನ್ರಿ?" ಎಂದಳು.

ಮರುದಿನ ಅಕ್ಕ ತಮ್ಮ ಮಗ್ಗಕ್ಕಿಳಿದಾಗ ನಾನು ಪಕ್ಕದಲ್ಲಿ ವರದಿ ಹಿಡಿದು ಕೂತಿದ್ದೆ. "ವೆಯ್ಯಕ್ಕಾ" ಎಂದ ತಮ್ಮ; ಲಾಳಿ ಹಾಕು ಎನ್ನಲು ಅವರ ಮನೆಮಾತಿನ ತೆಲುಗು. ಅವಳ ಕೈ ಏಳಲಿಲ್ಲ. "ವೆಯ್ಯಕ್ಕಾ!" ಎಂದು ಗದರಿದ. ಆಮೇಲೆ ಬೀದಿಗೆ ಕೇಳುವಂತೆ ಕೂಗಿದ.

"ಮೈಕ್ ತರಿಸ್ಲೇನೋ?" ಎಂದಳು ಅವಳು.

ನನ್ನ ಕೈಯ ಕಾಗದದಲ್ಲಿ ಜಾಸ್ತಿಯೆಂದು ಬರೆದಿದ್ದದ್ದು ಈ ಕೂಗೇ. ಕೈ ನಿಧಾನವಾದಷ್ಟೂ ತಮ್ಮನ ಕೂಗು ಏರುತ್ತದೆ, ಥೈರಾಯ್ಡ್ ನಿಧಾನವಾದಷ್ಟೂ ಮಿದುಳಿನ ಬುಡದ ಆ ರಸ.

ಮಾರನೆಯ ಬೆಳಿಗ್ಗೆ, ಕಾಫಿಗೂ ಮುಂಚೆ, ನಾನೇ ಮಾತ್ರೆ ಮತ್ತು ನೀರಿನ ಲೋಟ ಹಿಡಿದು ನಿಂತೆ.

"ತಿಳೀತೇನ್ರಿ?"

"ನುಂಗು. ಕೊರಳು ನೋಡ್ಬೇಕು."

ವಾರಗಳವರೆಗೆ ಹೇಳಿಕೊಳ್ಳುವಂಥದೇನೂ ಆಗಲಿಲ್ಲ. ಬೇರೆ ಹುಡುಗಿಯ ಮಾತು ಮತ್ತೆ ಬಂತು. ವೈದ್ಯರು ಮಾತ್ರೆಯ ಪ್ರಮಾಣ ಏರಿಸಿದರು. ಮಳೆಗಾಲದ ಹೊತ್ತಿಗೆ ಶಾಲು ಗೂಟ ಸೇರಿತು. ಹೊಸ ವರದಿ ತರಲು ಚಳ್ಳಕೆರೆಗೆ ಹೊರಟ ದಿನ ಮಗ್ಗದ ಸದ್ದಷ್ಟೇ ಕೇಳುತ್ತಿತ್ತು. ಬಾಗಿಲಲ್ಲಿ ನಿಂತು ಆ ಕೂಗಿಗೆ ಬಹಳ ಹೊತ್ತು ಕಾದೆ; ತಮ್ಮ ಒಮ್ಮೆಯೂ ಕೂಗಲಿಲ್ಲ.

"ಬಸ್ ಹೋಗ್ತೈತೆ, ನಡೀರಿ" ಎಂದಳು, ಲಾಳಿಯಿಂದ ಕಣ್ಣೆತ್ತದೆ.