ಐದನೆಯ ಹಾಡು

ಟೇಪಣ್ಣನಿಗೆ ದೇವರು ಕಿವಿ ಕೊಡುವಾಗ ಕೈ ಬಿಚ್ಚಿ ಕೊಟ್ಟ, ಕೊರಳು ಕೊಡುವ ಹೊತ್ತಿಗೆ ಮುಷ್ಟಿ ಬಿಗಿಹಿಡಿದ. ಗಿಟಾರಿನ ತಂತಿಯೊಂದು ಕೂದಲೆಳೆಯಷ್ಟು ಇಳಿದಿದ್ದರೂ ಅವನ ಕಿವಿ ನಿಮಿರುತ್ತಿತ್ತು. ತಾನೇ ಒಂದು ಸಾಲು ಗುನುಗಿದರೆ ಮಾತ್ರ, ಹೆಂಡತಿ ಬದುಕಿದ್ದಾಗ, ಅಡುಗೆಮನೆಯಿಂದ “ಗಂಟಲು ಕೆಟ್ಟಿದೆಯಾ, ಬಿಸಿನೀರು ಕೊಡ್ಲಾ?” ಎಂಬ ಪ್ರಶ್ನೆ ಬರುತ್ತಿತ್ತು. ಅವನಿಗೂ ಅದರ ಅರಿವಿತ್ತು. ಮೂವತ್ತು ವರ್ಷ ಬೇರೆಯವರ ಹಾಡು ಹಿಡಿದಿಟ್ಟನೇ ಹೊರತು ತಾನು ಹಾಡುವ ಗೋಜಿಗೆ ಹೋಗಲಿಲ್ಲ.

ಅವನ ರೆಕಾರ್ಡಿಂಗ್ ಕೋಣೆ ಇದ್ದದ್ದು ಒಂದು ಲಾಂಡ್ರಿಯ ಹಿಂದೆ. ಗೋಡೆಗೆಲ್ಲ ಹಳೆಯ ಕಂಬಳಿ, ಮೂಲೆಯಲ್ಲಿ ಎರಡಾಳು ಹೊರುವಷ್ಟು ಭಾರದ ಸುರುಳಿ ಟೇಪಿನ ಯಂತ್ರ. ಗೋಡೆಯಾಚೆ ಬಟ್ಟೆ ಒಗೆಯುವ ಮಿಷನ್ನುಗಳು ಬೆಳಗಿನಿಂದ ಸಂಜೆಯವರೆಗೆ ಗುಡುಗುತ್ತಿದ್ದವು. ಅವು ಬಾಯಿ ಮುಚ್ಚುತ್ತಿದ್ದುದು ಕೆಲಸದವರು ಊಟಕ್ಕೆ ಹೋದಾಗ, ಮಧ್ಯಾಹ್ನ ಒಂದರಿಂದ ಮೂರರವರೆಗೆ. ಹಾಡುವವರು ಹಾಡಬೇಕಾದದ್ದೂ ಆ ಎರಡು ಗಂಟೆಯಲ್ಲೇ. ಈ ಊರಿನ ತಂಡಗಳ ಹಾಡುಗಳಲ್ಲಿ ಅಷ್ಟೊಂದು ಸಂಕಟ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಎಲ್ಲರೂ ಹಸಿದ ಹೊಟ್ಟೆಯಲ್ಲಿ ಹಾಡಿದವರು.

ಟೇಪಣ್ಣನಿಗೆ ಬರೆಯುವುದೆಂದರೆ ಆಗದು. ಡಬ್ಬಿಗಳ ಮೇಲೆ ಹೆಸರಿಲ್ಲ, ತಾರೀಕಿಲ್ಲ. ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಆ ಟೇಪನ್ನು ಮುಟ್ಟಬಾರದು. ಸುತ್ತಿರದಿದ್ದರೆ ಅದರ ಮೇಲೆ ಹೊಸ ಹಾಡು ಹಿಡಿಯಬಹುದು. ಯಾರಾದರೂ ತಕರಾರು ಎತ್ತಿದರೆ “ನನ್ನ ಲೆಕ್ಕ ನನಗೆ ಗೊತ್ತು, ನೀನು ಮೂಗು ತೂರಿಸ್ಬೇಡ” ಎನ್ನುತ್ತಿದ್ದ. ರಬ್ಬರಿಗೂ ವಯಸ್ಸಾಗುತ್ತದೆ, ಒಣಗಿ, ತುಂಡಾಗಿ, ಸದ್ದಿಲ್ಲದೆ ಕಪಾಟಿನ ಹಿಂದೆ ಬೀಳುತ್ತದೆ ಎಂಬುದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ.

ಒಂದು ಶನಿವಾರ ‘ಮೂರನೇ ಮಹಡಿ’ ತಂಡದ ಮೂವರೂ ಆ ಕೋಣೆಯಲ್ಲಿ ಕೂತಿದ್ದರು. ಹಾಡುವವಳು ಟೇಪಣ್ಣನ ತೀರಿಹೋದ ತಮ್ಮನ ಮಗಳು. ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಗಿಟಾರಿನವನು ಲಿಫ್ಟ್ ರಿಪೇರಿಯವನು, ಡ್ರಮ್ ಬಾರಿಸುವವರು ಒಂದು ಶಾಲೆಯ ಡ್ರಿಲ್ ಮೇಷ್ಟ್ರು. ರೇಡಿಯೋದವರು ಅವರನ್ನು ಕರೆದಿದ್ದರು. ಗುರುವಾರ ಹನ್ನೆರಡಕ್ಕೆ, ಇದೇ ಊರಿನವರು ಹಾಡಿದ ಹಾಡುಗಳಲ್ಲಿ ತಮಗೆ ಬಲು ಇಷ್ಟವಾದ ಐದನ್ನು ಕೇಳಿಸಿ, ಅವು ಯಾಕಿಷ್ಟ ಎಂದು ಹೇಳಬೇಕು.

ನಾಲ್ಕು ಹಾಡುಗಳಿಗೆ ಜಗಳ ಜೋರಾಗಿಯೇ ನಡೆಯಿತು. ಲಿಫ್ಟಿನವನು ಆರಿಸಿದ ಹಾಡಿಗೆ ಮೇಷ್ಟ್ರು “ಅದು ಹಾಡಲ್ಲಪ್ಪಾ, ಹಲ್ಲುನೋವು” ಎಂದರು. ಆದರೂ ಅದು ಪಟ್ಟಿಗೆ ಸೇರಿತು. ಆಮೇಲೆ ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.

“ಐದನೇದು ಅಪ್ಪನ ಹಾಡು, ದೊಡ್ಡಪ್ಪ. ರೇಡಿಯೋದವ್ರಿಗೆ ಆಗ್ಲೇ ಹೇಳ್ಬಿಟ್ಟೆ.”

“ನಿಮ್ಮಮ್ಮ?”

“ಅಮ್ಮನೇ ಹೇಳಿದ್ದು. ಈಗ ಧೈರ್ಯ ಬಂದಿದೆಯಂತೆ. ಬುಧವಾರ ಇಬ್ರೂ ಬರ್ತೀವಿ, ಮೊದ್ಲು ಇಲ್ಲೇ ಕೇಳ್ತೀವಿ.”

ಟೇಪಣ್ಣ ಕಪಾಟಿನತ್ತ ತಿರುಗಿದ. “ಟೇಪಿಗೆ ಥಂಡಿ ಹಿಡಿದಿದೆ. ಒಣಗಿಸ್ಬೇಕು,” ಎಂದ.

“ಟೇಪಿಗೂ ಶೀತ ಆಗುತ್ತಾ ಅಣ್ಣ? ಮಾತ್ರೆ ಕೊಡಿ,” ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಟೇಪಣ್ಣನೂ ನಕ್ಕ, ಪಾಪ.

ಆ ಹಾಡಿನ ಕತೆ ಇಷ್ಟು. ಟೇಪಣ್ಣನ ಆ ತಮ್ಮ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವನು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಅವಳಿಗೆಂದೇ ಒಂದು ಹಾಡು ಕಟ್ಟಿ, ಈ ಕೋಣೆಯಲ್ಲಿ ಹಾಡಿದ. ಅವಳು ಬಂದ ಮೇಲೆ ಕೇಳಿಸಬೇಕು, ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂದು ಅಣ್ಣನಿಂದ ಭಾಷೆ ತೆಗೆದುಕೊಂಡ. ಮಾರನೆಯ ದಿನ ಪರವೂರಿಗೆ ಬೋರ್ಡ್ ಬರೆಯಲು ಹೋದವನು ಒಂಬತ್ತನೆಯ ದಿನ ಏಣಿಯಿಂದ ಬಿದ್ದು ಸತ್ತ. ಟೇಪಿದೆ ಎಂದಾಗ ಹೆಂಡತಿ ಕಿವಿ ಮುಚ್ಚಿಕೊಂಡಳು. “ಈಗ ಬೇಡ ಭಾವ. ಕೇಳೋ ಧೈರ್ಯ ಬಂದಾಗ ನಾನೇ ಹೇಳ್ತೀನಿ. ಜೋಪಾನವಾಗಿ ಇಟ್ಟಿರಿ.” ಧೈರ್ಯ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು. ಅಷ್ಟು ವರ್ಷವೂ ಪ್ರತಿ ಸಲ ಎದುರಾದಾಗ ಅವಳು “ಅದು ಇದೆ ತಾನೇ ಭಾವ?” ಎನ್ನುವಳು, ಇವನು “ಇದೆ” ಎನ್ನುವನು.

ಮೂರು ವರ್ಷದ ಹಿಂದೆ ಅದು ಸುಳ್ಳಾಯಿತು. ‘ಮೂರನೇ ಮಹಡಿ’ಯವರು ತಮ್ಮ ಮೊದಲ ಹಾಡಿಗೆ ಹಳೆಯ ಯಂತ್ರದ ದನಿಯೇ ಬೇಕೆಂದು ಹಟ ಹಿಡಿದರು. ಹೊಸ ಸುರುಳಿ ಎಲ್ಲೂ ಸಿಗುವಂತಿರಲಿಲ್ಲ. ಟೇಪಣ್ಣ ಕಪಾಟಿಗೆ ಕೈ ಹಾಕಿ ರಬ್ಬರ್ ಬ್ಯಾಂಡಿಲ್ಲದ ಒಂದು ಡಬ್ಬಿ ತೆಗೆದ. ಹುಡುಗಿ ಕಣ್ಣು ಮುಚ್ಚಿ, ಜೀವ ಸುರಿದು ಹಾಡಿದಳು. ಅವರೆಲ್ಲ ಕುಣಿಯುತ್ತಾ ಹೋದ ಮೇಲೆ ಇವನು ಟೇಪನ್ನು ಕೊನೆಯವರೆಗೆ ಓಡಿಸಿ ಕೇಳಿದ. ಅವಳ ಹಾಡು ಮುಗಿದದ್ದೇ ಅಡಿಯಿಂದ ಒಂದು ದನಿ ಎದ್ದಿತು. ಕಪಾಟು ಎಳೆದು ನೋಡಿದರೆ ಧೂಳಿನಲ್ಲಿ ಹುಳುವಿನ ಹಾಗೆ ಮುರುಟಿದ ಕೆಂಪು ರಬ್ಬರ್ ತುಂಡುಗಳು. ಮಗಳ ಹಾಡಿನಿಂದಲೇ ಅಪ್ಪನ ಹಾಡನ್ನು ಅಳಿಸಿದ್ದ. ಇದನ್ನು ಯಾರ ಮುಂದೆ ಹೇಳುವುದು? ಅವನು ಬಾಯಿಗೆ ಬೀಗ ಹಾಕಿಕೊಂಡ. ಅಂದಿನಿಂದ ತಮ್ಮನ ಹೆಂಡತಿ ಬೀದಿಯ ಆ ಕಡೆ ಕಂಡರೆ ಈ ಕಡೆ ಹೊರಳಿ ಹೋಗುತ್ತಿದ್ದ.

ಬುಧವಾರ ಒಂದೂಕಾಲಿಗೆ ತಾಯಿ ಮಗಳು ಬಂದರು. ತಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಯಾರದೋ ಮದುವೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲಿ ಕೂತಳು. ಥಂಡಿ, ಬೂಷ್ಟು, ಯಂತ್ರದ ಬೆಲ್ಟು ಎಂದು ಟೇಪಣ್ಣ ನಾಲ್ಕು ದಿನದಿಂದ ಹೊಸೆದಿಟ್ಟಿದ್ದ ನೆಪಗಳು ಆ ಸೀರೆಯನ್ನು ಕಂಡೊಡನೆ ನಾಲಿಗೆಯ ಮೇಲೆಯೇ ಸತ್ತವು. ಸುಮ್ಮನೆ ಸುರುಳಿ ಏರಿಸಿ ಗುಂಡಿ ಒತ್ತಿದ.

“ಅಯ್ಯೋ ದೊಡ್ಡಪ್ಪ, ಇದು ನಮ್ದು! ತಪ್ಪು ಟೇಪ್ ಹಾಕಿದೀರಿ,” ಎಂದು ಹುಡುಗಿ ನಕ್ಕಳು.

“ತಪ್ಪಲ್ಲ. ಇದೇ ಆ ಟೇಪು.”

ಅವಳಿಗೆ ಅರ್ಥವಾಗಲು ತನ್ನದೇ ಹಾಡಿನ ಎರಡು ಚರಣ ಬೇಕಾಯಿತು. ಆಮೇಲೆ ತನ್ನ ದನಿ ಕೇಳಲಾರದೆ ತಲೆ ತಗ್ಗಿಸಿದಳು. ತಾಯಿ ಕದಲಲಿಲ್ಲ. ಹಾಡು ಮುಗಿಯಿತು. ಗಿಟಾರಿನ ಕೊನೆಯ ಗುಂಯ್ ಎಂಬ ಸದ್ದು, ಮತ್ತೆ ಇಪ್ಪತ್ತೆರಡು ವರ್ಷದ ಹಿಂದಿನ ಗಂಡಸಿನ ದನಿ:

“ಅಣ್ಣಾ, ಕೊನೇ ಸಾಲು ಜಾರ್ತು. ಇನ್ನೊಂದ್ಸಲ ಹಾಡ್ಲಾ?”

“ಬೇಡ ಬಿಡೋ. ಮೂರಾಯ್ತು, ಮಿಷನ್ ಶುರು ಆಗುತ್ತೆ. ವಾಪಸ್ ಬಂದ್ಮೇಲೆ ಹಾಡಿದ್ರಾಯ್ತು.”

ಟಕ್. ಅಷ್ಟೇ ಉಳಿದದ್ದು.

“ಇನ್ನೊಂದ್ಸಲ ಹಾಕಿ ಭಾವ,” ಎಂದಳು ತಾಯಿ. ಹಾಕಿದ. ಮತ್ತೆ ಹಾಕಿದ. ನಾಲ್ಕನೆಯ ಸಲ ಅವಳು ಕೈ ಎತ್ತಿ ಸಾಕೆಂದಳು. ಟೇಪಣ್ಣ ಯಂತ್ರ ನಿಲ್ಲಿಸಿದ. ಸುರುಳಿ ಬಿಚ್ಚಿ ಡಬ್ಬಿಗೆ ಹಾಕಿ ಅವಳ ಮುಂದೆ ಹಿಡಿದ.

“ನಾನು ತಗೊಂಡ್ಹೋಗಿ ಏನ್ಮಾಡ್ಲಿ? ನೀವೇ ಇಟ್ಕೊಳ್ಳಿ. ಬೇಡ ಅಂದ ನಿಮ್ಮ ಮಾತೂ ಅದ್ರಲ್ಲೇ ಇದೆಯಲ್ಲ.”

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಹುಡುಗಿ ಅವನತ್ತ ನೋಡದೆ ತಾಯಿಯ ಕೈ ಹಿಡಿದು ಹೊರಟಳು.

ಗುರುವಾರ ಹನ್ನೆರಡಕ್ಕೆ ಟೇಪಣ್ಣ ಒಬ್ಬನೇ ರೇಡಿಯೋ ಹಚ್ಚಿದ. ಗೋಡೆಯಾಚೆಯ ಗುಡುಗಿನಲ್ಲಿ ಕಿವಿಯನ್ನು ಪೆಟ್ಟಿಗೆಗೇ ಅಂಟಿಸಿ ಕೂತ. ನಾಲ್ಕು ಹಾಡು ಬಂದವು. ನಾಲ್ಕೂ ಇದೇ ಕೋಣೆಯಲ್ಲಿ ಹಿಡಿದವು. ಹಲ್ಲುನೋವಿನ ಹಾಡಿಗೆ ಮೇಷ್ಟ್ರು ರೇಡಿಯೋದಲ್ಲೂ ಗೊಣಗಿದರು. ಐದನೆಯದು ಯಾವುದು ಎಂದು ಕಾರ್ಯಕ್ರಮದವನು ಕೇಳಿದಾಗ ಹುಡುಗಿಯೇ ಮಾತಾಡಿದಳು.

“ಐದನೇದು ನಮ್ಮಪ್ಪಂದು. ಅದು ಅಳಿಸಿಹೋಗಿದೆ. ಅದರ ಮೇಲೆ ಹಾಡಿದೋಳು ನಾನೇ. ಅಪ್ಪನ ಹಾಡು ಕೇಳಿರೋರು ಪ್ರಪಂಚದಲ್ಲಿ ಒಬ್ರೇ ಇದಾರೆ, ನಮ್ಮ ದೊಡ್ಡಪ್ಪ. ಅವ್ರಿಗೆ ಹಾಡೋಕೆ ಬರಲ್ಲ.”

ರೇಡಿಯೋದವನು ಜಾಹೀರಾತು ಹಾಕಿದ.

ಒಂದು ಗಂಟೆಗೆ ಮಿಷನ್ನುಗಳು ನಿಂತವು. ಟೇಪಣ್ಣ ಕಪಾಟಿನಿಂದ ಒಂದು ಸುರುಳಿ ತೆಗೆದು, ಅದರಲ್ಲಿ ಏನೂ ಇಲ್ಲವೆಂದು ತುದಿಯಿಂದ ತುದಿಯವರೆಗೆ ಕೇಳಿ ಖಾತ್ರಿ ಮಾಡಿಕೊಂಡ. ಮೈಕನ್ನು ಹಾಡುವವರ ಕುರ್ಚಿಯ ಮುಂದಿಟ್ಟು, ತಾನೇ ಆ ಕುರ್ಚಿಯಲ್ಲಿ ಕೂತ. ರಾಗ ತಲೆಯಲ್ಲಿ ಸ್ಪಷ್ಟವಾಗಿತ್ತು, ತಮ್ಮ ಎಲ್ಲಿ ಉಸಿರು ಎಳೆದ ಎಂಬುದೂ ನೆನಪಿತ್ತು. ಬಾಯಿ ಬಿಟ್ಟರೆ ಕೀಲಿಗೆ ಎಣ್ಣೆ ಇಲ್ಲದ ಬಾಗಿಲಿನ ಸದ್ದು. ಕೇಳಿ ನೋಡಿದ. ತಮ್ಮನ ಹಾಡಿನ ನೆರಳೂ ಅದರಲ್ಲಿ ಇರಲಿಲ್ಲ. ಹಿಂದಕ್ಕೆ ಸುತ್ತಿ ಮತ್ತೆ ಹಾಡಿದ. ಮೂರನೆಯ ಸಲ ಮೊದಲ ಸಾಲಿನಲ್ಲಿ ಎರಡು ಸ್ವರ ಸರಿ ಕೂತವು. ಆಮೇಲೆ ಅವೂ ಕೈಕೊಟ್ಟವು.

ಮೂರಕ್ಕೆ ಗೋಡೆಯಾಚೆ ಮಿಷನ್ನುಗಳು ಶುರುವಾದವು. ಕಂಬಳಿಗಳು ನಡುಗಿದವು. ಮೂವತ್ತು ವರ್ಷದಲ್ಲಿ ಆ ಹೊತ್ತಿಗೆ ಯಂತ್ರ ನಿಲ್ಲಿಸದೆ ಬಿಟ್ಟವನಲ್ಲ ಟೇಪಣ್ಣ. ಇವತ್ತು ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು, ಎದುರಿಗೆ ಯಂತ್ರದ ಬಳಿ ಖಾಲಿ ಇದ್ದ ತನ್ನ ಕುರ್ಚಿಗೆ “ಇನ್ನೊಂದ್ಸಲ” ಎಂದು ಹೇಳಿ, ಮೊದಲ ಸಾಲಿನಿಂದ ಶುರು ಮಾಡಿದ.